ಹೊಲಿಗೆ ಕೋಣೆಗೆ ಬಂದ ಕೌನ್ಸೆಲರ್ ಕುರ್ಚಿ

ಪೊಲೀಸನಾಗಿದ್ದ ಗಂಡ ತೀರಿಕೊಂಡ ಮೇಲೆ ಟೈಲರಮ್ಮನಿಗೆ ಪೊಲೀಸ್ ಕ್ವಾರ್ಟರ್ಸಿನ ಕೆಳಗಿನ ಕೋಣೆಯೊಂದನ್ನು ಇಲಾಖೆಯವರು ಹೊಲಿಗೆಗೆಂದು ಬಿಟ್ಟುಕೊಟ್ಟಿದ್ದರು. ಇಪ್ಪತ್ತು ವರ್ಷದಿಂದ ಅಲ್ಲೇ ಖಾಕಿ ಹೊಲಿಯುತ್ತಿದ್ದಳು. ಯಾರ ಹೊಟ್ಟೆ ಮುಂದೆ ಬಂತು, ಯಾರದು ಒಳಗೆ ಹೋಯಿತು ಎನ್ನುವುದು ಹೆಂಡತಿಯರಿಗಿಂತ ಮೊದಲು ಅವಳ ಟೇಪಿಗೇ ತಿಳಿಯುತ್ತಿತ್ತು.

ಒಮ್ಮೆ ಮೂರನೇ ಬ್ಲಾಕಿನ ಹುಡುಗಿ ಗಂಡನ ಪ್ಯಾಂಟು ಹಿಡಿದು ಬಂದಳು. ಎರಡು ತಿಂಗಳಲ್ಲಿ ಅದು ಮೂರನೇ ಸಲ.

"ಸೊಂಟ ಇನ್ನೊಂದು ಇಂಚು ಹಿಡೀಬೇಕು ಅಕ್ಕ."

"ಇನ್ನೂ ಹಿಡಿದರೆ ಎರಡು ಜೇಬೂ ಬೆನ್ನ ಹಿಂದೆ ಒಂದಾಗ್ತವೆ ಕಣೇ. ಅವನಿಗೆ ಊಟ ಹಾಕ್ತೀಯೋ, ಬರೀ ತಟ್ಟೆ ತೋರಿಸ್ತೀಯೋ?"

ಹುಡುಗಿ ನಗಲು ಹೋಗಿ ಅತ್ತುಬಿಟ್ಟಳು. ಹೆದ್ದಾರಿಯ ಅಪಘಾತದಲ್ಲಿ ಸತ್ತ ಮಗುವೊಂದನ್ನು ಎತ್ತಿ ತಂದ ದಿನದಿಂದ ಗಂಡನಿಗೆ ಊಟ ಸೇರುತ್ತಿರಲಿಲ್ಲ, ಮಾತೂ ಇರಲಿಲ್ಲ. ಹೆತ್ತ ಮಗಳನ್ನೂ ಮುಟ್ಟುತ್ತಿರಲಿಲ್ಲ.

"ಮನೆಯವರ ಕಷ್ಟ ಕೇಳೋಕೆ ಅಂತಾನೇ ಕೌನ್ಸೆಲರ್ ಮೇಡಂ ಬರ್ತಾರಲ್ಲ, ಹೋಗಬಾರದಾ?"

"ಅವರ ಕೋಣೆ ಬಾಗಿಲು ಇನ್‌ಸ್ಪೆಕ್ಟರ್ ಸಾಹೇಬರ ಕಿಟಕಿ ಎದುರಿಗೇ ಇದೆ ಅಕ್ಕ. ಕಾಲಿಟ್ಟರೆ ಸಂಜೆಯೊಳಗೆ ಎಲ್ಲಾ ಬ್ಲಾಕಿಗೂ ಸುದ್ದಿ. ಇವರಿಗೆ ತಲೆ ಕೆಟ್ಟಿದೆ ಅಂತ ಡ್ಯೂಟಿ ಬದಲಾಯಿಸಿದರೆ?"

ಅದೂ ಸುಳ್ಳಲ್ಲ. ಆರು ತಿಂಗಳಿಂದ ಮೇಡಂ ಪ್ರತಿ ಬುಧವಾರ ಬಂದು, ಪೇಪರನ್ನು ಜಾಹೀರಾತಿನವರೆಗೂ ಓದಿ, ಹಾಗೇ ಹೋಗುತ್ತಿದ್ದರು.

ಮುಂದಿನ ಬುಧವಾರ ಟೈಲರಮ್ಮ ನೇರ ಅವರ ಮುಂದೆಯೇ ಹೋಗಿ ನಿಂತಳು. "ಮೇಡಂ, ನಿಮ್ಮ ಕುರ್ಚಿ ನನ್ನ ಕೋಣೇಲಿ ಹಾಕ್ಕೊಳ್ಳಿ. ಹರಿದ ಬಟ್ಟೆ ಹಿಡ್ಕೊಂಡು ಬರೋರನ್ನ ಯಾಕೆ ಬಂದೆ ಅಂತ ಯಾರೂ ಕೇಳಲ್ಲ."

"ಸಾಹೇಬರು ಒಪ್ಪಬೇಕಲ್ಲ?"

"ಒಪ್ತಾರೆ ಬಿಡಿ. ಅವರ ಪ್ಯಾಂಟೂ ನನ್ನ ಹತ್ರಾನೇ ಇದೆ."

ಸಾಹೇಬರು ಒಪ್ಪಿದರು. ಕೋಣೆಯ ನಡುವೆ ಪರದೆ ಬಿತ್ತು. ಮೊದಲ ದಿನವೇ ನಾಲ್ವರು ಹೆಂಗಸರು ಬಂದರು. ಹುಡುಗಿಯೂ ಮಗಳ ಫ್ರಾಕು ಹಿಡಿದು ಬಂದು, ಪರದೆಯ ಆಚೆ ಒಂದು ಗಂಟೆ ಕೂತು ಮನಸ್ಸು ಹಗುರ ಮಾಡಿಕೊಂಡಳು. ಗಂಡ ಮಾತ್ರ ಈ ಕಡೆ ತಲೆ ಹಾಕಲಿಲ್ಲ. ಬಲವಂತ ಮಾಡಬೇಡ, ಇಂಥ ಕಡೆ ಇದ್ದೇವೆ ಅಂತ ಹೇಳಿ ಸುಮ್ಮನಿರು ಎಂದಿದ್ದರು ಮೇಡಂ. ಹುಡುಗಿ ಹೇಳಿ ಸುಮ್ಮನಾದಳು. ಎರಡು ಬುಧವಾರ ಹಾಗೇ ಹೋದವು.

ಮೂರನೆಯ ಬುಧವಾರ ಮಧ್ಯಾಹ್ನ ಅವನು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲೊಂದು ಅಂಗಿ.

"ಗುಂಡಿ ಹಾಕಿಸಬೇಕಿತ್ತು ಅಕ್ಕ."

ಟೈಲರಮ್ಮ ಒಂದೊಂದೇ ಗುಂಡಿ ಎಳೆದು ನೋಡಿದಳು. ಎಲ್ಲವೂ ಕಲ್ಲಿನಂತೆ ಗಟ್ಟಿಯಾಗಿದ್ದವು.

"ಹೌದಪ್ಪ, ಸಡಿಲ ಆಗಿವೆ. ಹೊತ್ತು ಹಿಡಿಯುತ್ತೆ. ಪರದೆ ಆಚೆ ಕುರ್ಚಿ ಇದೆ, ಹೋಗಿ ಕೂತ್ಕೋ."

ಅವನು ಪರದೆ ಸರಿಸಿ ಒಳಗೆ ಹೋಗಿ ಕೂತ. ಆಮೇಲೆ ತಗ್ಗಿದ ದನಿಯೊಂದು ಕೇಳಿಸಿತು, ನಡುನಡುವೆ ತುಂಡಾಗುತ್ತಿತ್ತು. ಅಂಗಳದವರ ಕಿವಿಗೆ ಬೀಳಬಾರದೆಂದು ಟೈಲರಮ್ಮ ಒಂದು ಚಿಂದಿ ಬಟ್ಟೆ ಸಿಕ್ಕಿಸಿ ಮಿಷನ್ ತುಳಿಯತೊಡಗಿದಳು.

ಪಕ್ಕದ ಮನೆಯಾಕೆ ಇಣುಕಿದಳು. "ಏನು ಇಷ್ಟೊಂದು ಅವಸರದ ಹೊಲಿಗೆ?"

"ಸಾಹೇಬರದ್ದು. ಆಮೇಲೆ ಬಾ."

ಅವನು ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು. ಅಂಗಿ ತೆಗೆದುಕೊಂಡು, "ಮುಂದಿನ ವಾರ ಇನ್ನೊಂದು ತರಲಾ?" ಎಂದ.

"ತಾ. ಹರಿದಿರಲೇಬೇಕು ಅಂತೇನಿಲ್ಲ."

ಬಾಗಿಲಿಂದ ಟೈಲರಮ್ಮ ನೋಡುತ್ತಲೇ ಇದ್ದಳು. ಮೆಟ್ಟಿಲ ಬಳಿ ಆಡುತ್ತಿದ್ದ ಮಗಳು ಓಡಿ ಬಂದು ಅಪ್ಪನ ಕಿರುಬೆರಳು ಹಿಡಿದಳು. ಅವನು ಎತ್ತಿಕೊಳ್ಳಲಿಲ್ಲ; ಆದರೆ ಬೆರಳು ಬಿಡಿಸಿಕೊಳ್ಳಲೂ ಇಲ್ಲ. ಹಾಗೇ ಇಬ್ಬರೂ ಮೆಟ್ಟಿಲು ಹತ್ತಿದರು, ಅವಳ ಪುಟ್ಟ ಹೆಜ್ಜೆಯ ಅಳತೆಗೆ.