ನಾಲಿಗೆಯ ಪ್ರಮಾಣ

ಪುಣೆಯ ಬಸ್ ನಿಲ್ದಾಣ. ಇದ್ದಿಲಿನ ಗ್ಯಾಸಿನಿಂದ ಓಡುವ ಶಿರೂರಿನ ಬಸ್ಸಿಗೆ ಇನ್ನೂ ಇದ್ದಿಲು ತುಂಬುತ್ತಿದ್ದರು. ನಾನು ನಲ್ಲಿಯ ಪಕ್ಕ ನಿಂತಿದ್ದೆ. ಎದುರಿಗೆ ಗದುಗಿನ ಶಿವಪ್ಪ, ಮನೆಯಲ್ಲೇ ಮಾಡಿದ ಸ್ವದೇಶಿ ಸಾಬೂನನ್ನು ಹಲಗೆಯ ಮೇಲೆ ಜೋಡಿಸಿಕೊಂಡು ಕೂತಿದ್ದ. ಬೆಳಗಿನಿಂದ ಒಂದೂ ಮಾರಿಲ್ಲವೆಂದು ಆಗಷ್ಟೇ ನನಗೆ ಹೇಳಿದ್ದ.

ವಿಜಾಪುರದ ಮಾತಿನ ಮುದುಕಿಯೊಬ್ಬಳು ಒಂದು ಬಿಲ್ಲೆ ಎತ್ತಿಕೊಂಡಳು. "ಇದರಾಗ ಚರಬಿ ಇಲ್ಲಂತ ಹೆಂಗ ನಂಬಲಿ?"

"ಬರೇ ಕೊಬ್ರಿ ಎಣ್ಣಿಲೆ ಮಾಡೀನ್ರಿ, ಅವ್ವಾರ."

"ಹಂಗಾರ ನಾಲಿಗಿಗಿ ಹಚ್ಚಿ ತೋರಸು."

ಇಲ್ಲಿಯ ನಮ್ಮ ಕಡೆಯ ಜನರಲ್ಲಿ ಇದೇ ಪ್ರಮಾಣವಂತೆ. ಶಿವಪ್ಪನಂತೆ ಕೊರಳಲ್ಲಿ ಲಿಂಗ ಇರುವವನು ಚರಬಿಯನ್ನು, ಪ್ರಾಣಿಯ ಕೊಬ್ಬನ್ನು, ನಾಲಿಗೆಗೆ ಮುಟ್ಟಿಸಲಾರ. ಜನ ಸುತ್ತ ನಿಂತರು. ಶಿವಪ್ಪ ಸಾಬೂನನ್ನು ನೆಕ್ಕಿದ. ಮುದುಕಿಯ ಮುಖ ಅರಳಿತು.

"ಆರು ಕೊಡು."

ಶಿವಪ್ಪನ ಕಣ್ಣಲ್ಲಿ ನೀರು ಬಂದಿತ್ತು. "ಇವತ್ತ ಬ್ಯಾಡ್ರಿ. ಅವಸರ ಮಾಡಿ ತಂದೀನಿ. ನೆಕ್ಕಿದ ಮ್ಯಾಲ ತಿಳೀತು, ಕಾಸ್ಟಿಕ್ ಸೋಡಾದ ಉರಿ ಇನ್ನೂ ಇಳಿದಿಲ್ಲ, ಮೈ ಸುಡ್ತದ. ಇನ್ನ ಎರಡ ವಾರ ಒಣಗಬೇಕು."

"ನೆಕ್ಕಿದ ಮ್ಯಾಲ ಮಾರಂಗಿಲ್ಲ ಅಂತಾನ!" ಮುದುಕಿ ಬಿಲ್ಲೆ ಎಸೆದಳು. "ಚರಬಿ ಹಾಕ್ಯಾನ, ಈಗ ಪಾಪಕ್ಕ ಅಂಜ್ಯಾನ!"

ಯಾರೋ ಹಲಗೆಯನ್ನು ಒದ್ದರು. ಶಿವಪ್ಪ ಬಾಯಿ ತೆರೆದ. ಅಷ್ಟರಲ್ಲಿ ಉರಿ ಏರಿ ನಾಲಿಗೆ ಹೊರಳದಾಗಿತ್ತು. ನನ್ನ ನಾಲಿಗೆಗೆ ಏನೂ ಆಗಿರಲಿಲ್ಲ. ಆದರೂ ನಾನು ಸುಮ್ಮನಿದ್ದೆ.

ಮುದುಕಿ ನಲ್ಲಿಗೆ ಬಂದು ಸಾಬೂನು ಮುಟ್ಟಿದ ಕೈಯನ್ನು ಮೂರು ಸಲ ತಿಕ್ಕಿ ತೊಳೆದಳು. ನಾಲ್ಕು ಹೆಜ್ಜೆ ಹಿಂದೆ ಶಿವಪ್ಪ ಬಾಯಿಗೆ ಕೈ ಅಡ್ಡ ಹಿಡಿದು, ಬಾಯಿ ತೊಳೆಯಲು ಆಕೆ ಮುಗಿಸಲೆಂದು ಕಾಯುತ್ತ ನಿಂತಿದ್ದ.