ನೆರಳಿಗೆ ಬೇಕಾದ ಮಣ್ಣು

ಈಗ ತೆಗೆಯಲೇ, ಇನ್ನೊಂದಿಷ್ಟು ಬಿಡಲೇ? ಬೇಗ ತೆಗೆದರೆ ಹಸಿ ಮಣ್ಣಿನ ಹಳದಿ ಉಳಿದುಬಿಡುತ್ತದೆ. ತಡವಾದರೆ ಇಟ್ಟಿಗೆಗೆಂಪು. ಕೆಂಪಾದ ಮಣ್ಣನ್ನು ಕಂದು ಬಣ್ಣಕ್ಕೆ ತಿರುಗಿಸುವ ಬೆಂಕಿ ಎಲ್ಲೂ ಇಲ್ಲ. ಬೆಳಕು ಹರಿಯುವ ಹೊತ್ತು. ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತವರ ಕೈಯ ಇಕ್ಕಳ ಅಲುಗುವುದಿಲ್ಲ.

ಬೀದಿಯವರಿಗೆ ಅವರು ‘ಮಣ್ಣಪ್ಪ’. ಮಣ್ಣನ್ನು ನೆನೆಸಿ, ಬಟ್ಟೆಯಲ್ಲಿ ಸೋಸಿ, ಒಣಗಿಸಿ, ಸುಟ್ಟು, ಕಲ್ಲಿನ ಮೇಲೆ ಅರೆದು ಚಿತ್ರಕಾರರಿಗೆ ಕಂದು ಬಣ್ಣ ಮಾಡಿಕೊಡುವುದು ಅವರ ಕಸುಬು. ರೆಪ್ಪೆಯ ಮೇಲೂ ಕಂದು ಧೂಳು. “ಸ್ನಾನ ಮಾಡಿ ಬಂದ್ರೂ ಟವೆಲ್ ಮೇಲೆ ನನ್ನ ಮುಖ ಅಚ್ಚಾಗಿರುತ್ತೆ. ಒಗೆಯೋಳು ನನ್ನ ಹೆಂಡ್ತಿ, ಅವಳನ್ನ ಕೇಳಿ!” ಎಂದು ನಗುತ್ತಾರೆ.

ಕಪಾಟಿನ ಜಾಡಿಗಳ ಮೇಲೆ ಹಳೆಯ ಹೆಸರುಗಳಿವೆ. ಸಿಯೆನ್ನಾ, ಇಟಲಿಯ ಊರೊಂದರಿಂದ ಬಂದ ಹೆಸರು. ಅಂಬರ್ ಎಂಬ ಗಾಢ ಕಂದು, ನೆರಳು ಎಂಬ ಅರ್ಥದ ಅಲ್ಲಿನದೇ ಮಾತಿನಿಂದ ಬಂದದ್ದೆಂದು ಕೆಲವರು ಹೇಳುತ್ತಾರೆ. ಒಂದು ಜಾಡಿ ಮಾತ್ರ ಖಾಲಿ: ಮಮ್ಮಿ ಬ್ರೌನ್. “ಹಿಂದೆ ಈಜಿಪ್ಟಿನ ಗೋರಿಗಳಿಂದ ಒಣಗಿದ ಹೆಣಾನೇ ತಂದು ಅರೀತಿದ್ರಂತೆ. ನಾವು ಸತ್ತೋರ ತಂಟೆಗೆ ಹೋಗಲ್ಲಪ್ಪ.”

ಅಂಬರ್ ಮಣ್ಣು ಕೊಡುತ್ತಿದ್ದ ಗುಂಡಿ ಈಗ ಕಾರು ನಿಲ್ಲಿಸುವ ಜಾಗದ ಅಡಿಯಲ್ಲಿದೆ. ಅದೇ ಹೊತ್ತಿಗೆ ಹಳೆಯ ರಂಗಮಂದಿರದ ಛಾವಣಿಯ ಚಿತ್ರ ಸರಿಪಡಿಸುವವರು ಅದರಲ್ಲಿನ ನೆರಳಿಗೆ ಕಂದು ಬಣ್ಣ ಕೇಳಿದ್ದಾರೆ. ಕಟ್ಟಡವೊಂದಕ್ಕೆ ಪಾಯ ತೋಡುತ್ತಿದ್ದಲ್ಲಿಂದ ಮಗಳು ಒಂದು ಚೀಲ ಮಣ್ಣು ತಂದಿದ್ದಾಳೆ. ಮರುದಿನವೇ ಆ ಪಾಯಕ್ಕೆ ಕಾಂಕ್ರೀಟು ಬಿತ್ತು. ಸೋಸಿದ ಮೇಲೆ ಉಳಿದದ್ದು ಈ ಒಂದು ತಟ್ಟೆ. “ಇದು ಕೈಕೊಟ್ರೆ ಕುಲುಮೆ ಆರಿಸೋದೇ,” ಎನ್ನುತ್ತಾರೆ ಮಣ್ಣಪ್ಪ.

“ಅಪ್ಪಾ, ಸಾಕು. ತೆಗಿ,” ಹಿಂದಿನಿಂದ ಮಗಳು.

“ಇನ್ನೂ ಹಸಿ ಕಣೇ. ನೀನು ಹುಟ್ಟೋಕೆ ಮುಂಚಿನಿಂದ ನೋಡ್ತಿದೀನಿ ಈ ಬೆಂಕಿನ.”

“ಬೆಂಕಿ ಹಳೇದು ಸರಿ. ಮಣ್ಣು ಹೊಸದಲ್ವಾ? ಹಳೇ ಮಣ್ಣಿನ ಲೆಕ್ಕ ಇದಕ್ಯಾಕೆ ಹಾಕ್ತೀಯ?”

“ನಿಮ್ಮಮ್ಮನ ಬಾಯಿ ನಿಂಗೆ!”

ಅವಳು ಇಕ್ಕಳ ಕಿತ್ತುಕೊಂಡು ತಟ್ಟೆ ಎಳೆಯುತ್ತಾಳೆ. ಒಂದು ಹಿಡಿ ಮಣ್ಣು ಒಳಗೇ ಉದುರುತ್ತದೆ. ಬಿಸಿಯಿರುವಾಗ ಬಣ್ಣ ನಂಬುವಂತಿಲ್ಲ, ತಣಿಯಬೇಕು. ಅಪ್ಪ ಮಗಳು ಇಬ್ಬರೂ ಕಾಯುತ್ತಾರೆ. ಆಮೇಲೆ ಅವಳು ಚಿಟಿಕೆ ಪುಡಿಗೆ ಎಣ್ಣೆ ಬೆರೆಸಿ ಬಿಳಿ ಹೆಂಚಿನ ಮೇಲೆ ಎಳೆಯುತ್ತಾಳೆ. ಆಳವಾದ, ತಂಪಾದ ಕಂದು. ಬಾಗಿಲ ಹಿಂದೆ ಯಾರೋ ನಿಂತಂಥ ನೆರಳು.

ಮಣ್ಣಪ್ಪ ಹೆಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. “ಅಂಬರ್ ಅಂತ ಬರೆಯಂಗಿಲ್ಲ. ಇದು ಬೇರೆ ಮಣ್ಣು.” ಈ ಕಾರ್ಖಾನೆಯಲ್ಲಿ ಅವರ ತಂದೆಯ ಕಾಲದಿಂದ ಒಂದು ಪದ್ಧತಿಯಿದೆ: ಹೊಸ ಮಣ್ಣನ್ನು ಮೊದಲು ಕುಲುಮೆಯಿಂದ ತೆಗೆದವರೇ ಹೆಸರಿಡಬೇಕು. ಅವರು ಆ ಖಾಲಿ ಜಾಡಿಯ ಹಳೆಯ ಹೆಸರು ಒರೆಸಿ, ಅದನ್ನೂ ಕುಂಚವನ್ನೂ ಮಗಳ ಕಡೆ ತಳ್ಳುತ್ತಾರೆ.

“ನಾನಾ?”

“ಮತ್ತೆ ಪಕ್ಕದ ಮನೆಯೋರಾ? ಬರಿ. ಅಕ್ಷರ ದುಂಡಗಿರ್ಲಿ.”

ಅವಳು ಹೆಸರು ಯೋಚಿಸುತ್ತಾ ಕುಂಚದ ತುದಿ ಕಚ್ಚುತ್ತಿರುವಾಗ, ಅವರು ಕುಲುಮೆಯೊಳಗೆ ಉಳಿದಿದ್ದ ಆ ಹಿಡಿ ಮಣ್ಣನ್ನು ಕೆರೆದು ತೆಗೆದು ತಣಿಸುತ್ತಾರೆ. ಅದು ಅಪ್ಪಟ ಇಟ್ಟಿಗೆಗೆಂಪು. ಅಂಗೈಯಲ್ಲಿ ಒಂದು ಗಳಿಗೆ ನೋಡಿ, ಹಿತ್ತಲಿಗೆ ಹೋಗಿ ಕೊಡವಿ, ಕೈ ತೊಳೆದು ಬರುತ್ತಾರೆ.

ತಾನು ಹೇಳಿದಷ್ಟು ಹೊತ್ತು ಬಿಟ್ಟಿದ್ದರೆ ಇಡೀ ತಟ್ಟೆಯೇ ಹಾಗಾಗುತ್ತಿತ್ತು ಎಂದು ಅವರು ಮಗಳಿಗೆ ಹೇಳಲೇ ಇಲ್ಲ.