ಕಂಬ ಎಣಿಸಿ ಓಡಿದ ದಿಲೀಪ

ಕಮಲಾಪುರದ ಲೈನ್‌ಮ್ಯಾನ್ ದಿಲೀಪನಿಗೆ ಬಿ.ಪಿ. ಇರಲಿಲ್ಲ, ಶುಗರ್ ಇರಲಿಲ್ಲ. ಇದ್ದದ್ದು ಒಬ್ಬ ಷಡ್ಡಕ. ಹೆಂಡತಿ ಕಾವೇರಿಯ ತಂಗಿ ಸುಮಂಗಲಾಳ ಗಂಡ ಕಪಿಲ, ಕಲಬುರಗಿಯಲ್ಲಿ ಬ್ಯಾಂಕಿನ ನೌಕರ. ಹೋದ ವರ್ಷ ನಲವತ್ತೆರಡು ಕಿಲೋಮೀಟರಿನ ಮ್ಯಾರಥಾನನ್ನು ನಾಲ್ಕು ಗಂಟೆ ಇಪ್ಪತ್ತೈದು ನಿಮಿಷದಲ್ಲಿ ಓಡಿ ಮುಗಿಸಿದ್ದ. ಆ ಪದಕವನ್ನು ಬ್ರಹ್ಮಪುರದ ತಮ್ಮ ಮನೆಯಲ್ಲಿ ಟಿ.ವಿ. ಪಕ್ಕಕ್ಕೆ ತೂಗುಹಾಕಿ, ಅತ್ತೆ ಪುತಳಾಬಾಯಿ ಬಂದವರಿಗೆಲ್ಲ ತೋರಿಸುತ್ತಿದ್ದರು. ಹದಿನೆಂಟು ವರ್ಷ ಗಾಳಿ ಮಳೆಯೆನ್ನದೆ ಕಂಬ ಹತ್ತಿದ ಹಿರಿಯ ಅಳಿಯನಿಗೆ ಯಾರೂ ಪದಕ ಕೊಟ್ಟಿರಲಿಲ್ಲ. ದಿಲೀಪನ ಹೊಟ್ಟೆ ಉರಿಯುತ್ತಿತ್ತು. ಸುಳ್ಳೇಕೆ ಹೇಳಬೇಕು, ಧಗಧಗ ಉರಿಯುತ್ತಿತ್ತು.

ಈ ವರ್ಷ ತಾನೂ ಓಡುವುದೇ ಸೈ ಎಂದ. ಕಪಿಲ ಒಳ್ಳೆಯವನು, ದಿಲೀಪನಿಗೆ ಸಹಿಸಲಾಗದಿದ್ದದ್ದೂ ಅದೇ. ತಾನಾಗಿಯೇ ಬುದ್ಧಿ ಹೇಳಲು ಬಂದ.

"ಅಣ್ಣಾ, ಮೊದಲ ಸಲ ಭಾಳ ಆಸೆ ಮಾಡಬ್ಯಾಡ್ರಿ. ಅರ್ಧ ದೂರ ಓಡಿ ನೋಡ್ರಿ. ಅದನ್ನ ಡಬಲ್ ಮಾಡಿ ಮ್ಯಾಲ ಇಪ್ಪತ್ತು ನಿಮಿಷ ಕೂಡಸ್ರಿ. ಅದ ನಿಮ್ಮ ಟೈಮು. ದೂರ ಅಳಿಯಾಕ ನನ್ನ ವಾಚ್ ಒಯ್ರಿ ಬೇಕಾದ್ರ."

ಇವನ ವಾಚು ಯಾರಿಗೆ ಬೇಕು! ಐವತ್ತು ಮೀಟರಿಗೊಂದು ಕಂಬ, ಇಪ್ಪತ್ತು ಕಂಬಕ್ಕೆ ಒಂದು ಕಿಲೋಮೀಟರ್. ಲೈನ್‌ಮ್ಯಾನನಿಗೆ ದೂರ ಕಲಿಸಿಕೊಡಲು ಬಂದನಲ್ಲ ಎಂದು ಹಲ್ಲು ಕಡಿದು, ದಿಲೀಪ ಮಹಾಗಾಂವದ ಕಡೆಯ ಹೊಲದ ದಾರಿಯಲ್ಲಿ ಹೋಗಿಬರುವಾಗ ಒಟ್ಟು ನಾನೂರ ಇಪ್ಪತ್ತೆರಡು ಕಂಬ ಎಣಿಸಿ ಓಡಿದ. ಸರಿಯಾಗಿ ಎರಡು ಗಂಟೆ. ಡಬಲ್ ಮಾಡಿ ಇಪ್ಪತ್ತು ಕೂಡಿಸಿದರೆ ನಾಲ್ಕು ಇಪ್ಪತ್ತು. ಕಪಿಲನಿಗಿಂತ ಐದು ನಿಮಿಷ ಕಮ್ಮಿ! ಸ್ವರ್ಗಕ್ಕೆ ಮೂರೇ ಗೇಣು.

ಮುಂದಿನ ಭಾನುವಾರ ಅತ್ತೆಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಸುದ್ದಿ ಬಿಟ್ಟ. "ನಾಲ್ಕು ಇಪ್ಪತ್ತಕ್ಕ ಮುಗಿಸ್ತೀನಿ ನಾ."

ಕಪಿಲನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ದಿಲೀಪ ಅದನ್ನು ಕಣ್ತುಂಬ ನೋಡಿದ. ಅಂದಿನ ಬದನೆಕಾಯಿ ಪಲ್ಯದಷ್ಟು ರುಚಿ ಅವನಿಗೆ ಮತ್ತೆಂದೂ ಸಿಗಲಿಲ್ಲ.

ಬೈಕಿನಲ್ಲಿ ಕಮಲಾಪುರಕ್ಕೆ ಮರಳುವಾಗ ಹೊಲದ ದಾರಿಗೆ ತಿರುಗಿಸಿ, ತಾನು ಓಡಿದ ಸಾಲನ್ನು ಕಾವೇರಿಗೆ ಹೆಮ್ಮೆಯಿಂದ ತೋರಿಸಿದ. ಅವಳು ನೋಡಿ ನಕ್ಕಳು.

"ರೀ, ಜ್ವಾಳದ ಕಣಕಿ ಹೇರಿದ ಟ್ರ್ಯಾಕ್ಟರಿಗಿ ತಂತಿ ತಾಗ್ತದ ಅಂತ ನಡನಡುವ ಹೊಸ ಕಂಬ ನಿಲ್ಲಿಸಿದ್ದು ಇಲ್ಲೇ ಅಲ್ಲೇನು? ನಾನ ಬುತ್ತಿ ತಂದಿದ್ದೆ. ಅವನ್ನೂ ಎಣಿಸೀರೇನು?"

ದಿಲೀಪ ಬೈಕು ನಿಲ್ಲಿಸಿದ. ನಲವತ್ತು ಕಂಬ. ಒಂದೊಂದಕ್ಕೂ ತಾನೇ ನಿಂತು ಗುಂಡಿ ತೋಡಿಸಿದ್ದ. ಹೋಗುವಾಗ ನಲವತ್ತು, ಬರುವಾಗ ನಲವತ್ತು, ಒಟ್ಟು ನಾಲ್ಕು ಕಿಲೋಮೀಟರ್ ಸುಳ್ಳು. ಹೊಟ್ಟೆಕಿಚ್ಚು ಕಣ್ಣಿಗೆ ಪಟ್ಟಿ ಕಟ್ಟಿತ್ತು. ಎರಡು ಗಂಟೆಯಲ್ಲಿ ಓಡಿದ್ದು ಹದಿನೇಳೇ ಕಿಲೋಮೀಟರ್. ಮತ್ತೆ ಲೆಕ್ಕ ಹಾಕಿದರೆ ಬಂದದ್ದು ಹತ್ತಿರ ಹತ್ತಿರ ಐದು ಗಂಟೆ ಇಪ್ಪತ್ತು ನಿಮಿಷ.

ಓಟದ ಫಾರ್ಮಿನಲ್ಲಿ, ಎಷ್ಟು ಹೊತ್ತಿನಲ್ಲಿ ಮುಗಿಸುವಿರಿ ಎಂದು ಕೇಳಿದ ಕಡೆ, ಅದನ್ನೇ ಬರೆದ. ನಾಲ್ಕು ಇಪ್ಪತ್ತು ಎಂದು ಓಡಿ ನಡುದಾರಿಯಲ್ಲಿ ಬಿದ್ದರೆ ಬ್ರಹ್ಮಪುರದ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ಆದರೆ ಕಾವೇರಿಯ ಬಾಯಿಗೆ ಬೀಗ ಹಾಕಿದ. ಕಪಿಲನಿಗೂ ಹೇಳಲಿಲ್ಲ. ಅಂದು ಕೈಯಲ್ಲೇ ನಿಂತ ಆ ರೊಟ್ಟಿಯನ್ನು ನೆನೆದಾಗಲೆಲ್ಲ, ಇನ್ನೊಂದು ದಿನ ಹೀಗೇ ಇರಲಿ ಎನಿಸುತ್ತಿತ್ತು.

ಓಟದ ಬೆಳಿಗ್ಗೆ ಎದೆಗೆ ಚುಚ್ಚಿಕೊಂಡ ಚೀಟಿಯಲ್ಲಿ ಅವರವರು ಬರೆದುಕೊಟ್ಟ ಸಮಯ ದಪ್ಪಕ್ಷರದಲ್ಲಿತ್ತು. ದಿಲೀಪ ಮೇಲೊಂದು ಜಾಕೆಟ್ ಹಾಕಿ ಅದನ್ನು ಮುಚ್ಚಿಕೊಂಡ. ಗುಂಪಿನಲ್ಲಿ ಕಪಿಲನ ಕಣ್ಣಿಗೆ ಬೀಳದೆ ಹಿಂದೆ ಸರಿದು, ನಿಧಾನಕ್ಕೆ ಓಡತೊಡಗಿದ. ಬಿಸಿಲೇರಿದಾಗ ಜಾಕೆಟ್ ಬಿಚ್ಚಿ ಸೊಂಟಕ್ಕೆ ಕಟ್ಟಿದ.

ಮೂವತ್ಮೂರನೇ ಕಿಲೋಮೀಟರಿನಲ್ಲಿ, ಕೋಟನೂರ ಹತ್ತಿರ, ಬೇವಿನ ಮರದ ಕೆಳಗೆ ಕಪಿಲ ಬಹಳ ಹೊತ್ತಿನಿಂದ ಕಾಲು ಚಾಚಿ ಕೂತಿದ್ದ. ಮೀನಖಂಡ ಸೆಟೆದು ಗಂಟಾಗಿತ್ತು. ದಿಲೀಪನ ಎದೆಯಲ್ಲಿ ಪಟಾಕಿ ಸಿಡಿಯಿತು. ನಾಲ್ಕು ಹೆಜ್ಜೆ ಇಟ್ಟರೆ ಮುಂದೆ! ಆದರೆ ಕಪಿಲ ಅವನನ್ನು ಕಂಡು ಬೆರಗಾಗಿ ಕೂಗಿದ.

"ಅಣ್ಣಾ! ನೀವು ಹಿಂದಿದ್ರೇನು? ಮುಂದ ಹೋಗೀರಿ ಅಂತ ತಿಳಕೊಂಡು, ನಿಮ್ಮನ್ನ ಹಿಡೀಬೇಕಂತ ಮೊದಲಿನಿಂದ ಕಾಲು ಕಿತ್ತು ಓಡೀನಿ. ಅವತ್ತು ಊಟಕ್ಕ ಕೂತಾಗ ಹೇಳಿದ್ರಲ್ಲ, ಅವತ್ತಿನಿಂದ ನನಗ ನಿದ್ದಿ ಇಲ್ಲ. ಖರೇ ಹೇಳ್ತೀನಿ, ನಿಮ್ಮ ಮ್ಯಾಲ ಹೊಟ್ಟಿಕಿಚ್ಚು ಪಟ್ಟೀನಿ."

ದಿಲೀಪ ನಿಂತುಬಿಟ್ಟ. ಇಷ್ಟು ದಿನ ಕೇಳಬೇಕೆಂದಿದ್ದ ಮಾತು ಅದೇ. ಕಿವಿಗೆ ಸಿಹಿಯಾಗಿ ಬಿತ್ತು, ಆದರೂ ಮುಂದೆ ಓಡದೆ ಮರದ ಕೆಳಗೆ ಬಂದ.

ಕಪಿಲನ ಕಣ್ಣು ಅವನ ಎದೆಯ ಚೀಟಿಯ ಮೇಲೆ ಬಿತ್ತು.

"ಐದು ಇಪ್ಪತ್ತಾ?" ಅವನ ದನಿ ಇಳಿಯಿತು. "ಮೊದಲ ಹೇಳಬಾರದಿತ್ತೇನ್ರಿ ಅಣ್ಣಾ?"

ದಿಲೀಪ ಕುಕ್ಕರಿಸಿ ಕೂತು ಅವನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. ಮುಖ ಎತ್ತದೆ ನೀವುತ್ತ ಹೇಳಿದ.

"ಹೇಳಿದ್ರ ನೀ ನನ್ನ ಮ್ಯಾಲ ಯಾಕ ಹೊಟ್ಟಿಕಿಚ್ಚು ಪಡ್ತಿದ್ದಿ?"